ಮೋರಖಂಡಿ ಹಳ್ಳದ ಮೇಲಿನ ತಂತಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಟೆಲಿಫೋನ್ ತಂತಿ ಆಗ ಡಾಂಬರು ರಸ್ತೆಯ ಪಕ್ಕದಲ್ಲಿ ಇರಲಿಲ್ಲ. ನಿಜಾಮರ ಕಾಲದ ಹಳೆಯ ಬಂಡಿದಾರಿ ಹಿಡಿದು, ಘಾಟಬೋರಾಳದ ಕೆಂಪು ದಿಬ್ಬಗಳನ್ನು ಹತ್ತಿ ಇಳಿದು, ಎರೆಹೊಲಗಳ ನಡುವೆ ಹಾದು, ಮೋರಖಂಡಿಯ ಕಡೆಯಿಂದ ಕಲ್ಯಾಣ ಸೇರುತ್ತಿತ್ತು. ಬಂಡಿಗಳು ಆ ದಾರಿ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಕಬ್ಬಿಣದ ಕಂಬಗಳು ಮಾತ್ರ ಅಲ್ಲೇ ನಿಂತಿದ್ದವು. ಬೇಸಿಗೆಯಲ್ಲಿ ಆ ದಾರಿ ನಡೆಯುವುದು ನಮಗೆ ಖುಷಿಯ ಕೆಲಸ. ಮಳೆಗಾಲದಲ್ಲಿ ಅದರ ಹೆಸರೆತ್ತಿದರೆ ಲೈನ್‌ಮನ್‌ಗಳು ಬೇರೆ ಮಾತು ತೆಗೆಯುತ್ತಿದ್ದರು.

ಎಪ್ಪತ್ತರ ದಶಕದ ಒಂದು ಶ್ರಾವಣ. ಮಳೆ ಹಗಲೂ ರಾತ್ರಿ ಹಿಡಿದಿತ್ತು. ಒಂದು ಸಂಜೆ ಕಲ್ಯಾಣದ ಲೈನು ಸತ್ತಿತು. ಫೋನೂ ಟೆಲಿಗ್ರಾಮೂ ಹೋಗುತ್ತಿದ್ದುದು ಅದೇ ಜೋಡಿ ತಂತಿಯ ಮೇಲೆ. ಹೆದ್ದಾರಿಗೆ ಹಳ್ಳ ಅಡ್ಡ ಬಂದು ಬಸ್ಸುಗಳೂ ನಿಂತಿದ್ದವು. ಹೀಗಾಗಿ ಕಲ್ಯಾಣದಲ್ಲಿ ಏನಾಗಿದೆ ಎಂದು ಹುಮನಾಬಾದಿಗೆ ಗೊತ್ತಿಲ್ಲ, ಹುಮನಾಬಾದಿನ ಸುದ್ದಿ ಕಲ್ಯಾಣಕ್ಕಿಲ್ಲ.

ಮರುದಿನ ನಸುಕಿನಲ್ಲಿ, ಲೈನ್‌ಮನ್ ಆಗಿದ್ದ ನಾನು ಹುಮನಾಬಾದಿನ ಎಕ್ಸ್‌ಚೇಂಜಿಗೆ ಹೋದಾಗ ನಮ್ಮ ಹಿರಿಯ ಆಪರೇಟರು ತಂತಿ ಪರೀಕ್ಷೆ ಮಾಡುತ್ತ ಕೂತಿದ್ದರು. ಮೀಟರಿನ ಮುಳ್ಳು ಪೂರ್ತಿ ಆಚೆ ಬದಿಗೆ ಹೊರಳಿದರೆ ಎರಡೂ ತಂತಿ ಎಲ್ಲೋ ಒಂದಕ್ಕೊಂದು ತಾಗಿವೆ ಎಂದು ಅರ್ಥ. ಮುಳ್ಳು ಅಲುಗದಿದ್ದರೆ ತಂತಿ ಹರಿದಿದೆ.

"ಜರಾ ಸೈತ ಅಳ್ಳಾಡವಲ್ದು," ಅಂದರು ಅವರು. "ಹರಿದದ. ಎಲ್ಲಿ ಅಂತ ಇಲ್ಲಿ ಕುಂತು ಹ್ಯಾಂಗ ಹೇಳಲಿ? ನಡಕೋತ ಹೋಗಿ ನೋಡೂದೇ ದಾರಿ."

ನನ್ನ ಜೊತೆ ಬಂದವನು ಇಲಾಖೆಯ ಮಜದೂರ, ಮೋರಖಂಡಿಯ, ಬೌದ್ಧರಾದ ದಲಿತ ಮನೆತನದವನು. ನನಗಿಂತ ಹತ್ತು ವರ್ಷ ದೊಡ್ಡವನಾದ್ದರಿಂದ ನಾನು ದಾದಾ ಎನ್ನುತ್ತಿದ್ದೆ. ಆತನಿಗೆ ಎತ್ತರವೆಂದರೆ ಭಯ, ಅಷ್ಟು ವರ್ಷದಲ್ಲಿ ಒಂದು ಕಂಬವನ್ನೂ ಹತ್ತಿರಲಿಲ್ಲ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಆದರೆ ಎರಡು ಸುರುಳಿ ತಂತಿ ಹೆಗಲಿಗೆ ಹಾಕಿಕೊಂಡು ದಿನವಿಡೀ ಮಾತಾಡುತ್ತ ನಡೆಯಬಲ್ಲ ಮನುಷ್ಯ. ನನ್ನ ಬೆನ್ನಿಗೆ ತಂತಿ ಕತ್ತರಿಸುವ ಪಕ್ಕಡ, ತಂತಿ ಜಗ್ಗಿ ಬಿಗಿಯುವ ಇಕ್ಕಳ, ಕಟ್ಟುತಂತಿ, ಸೊಂಟದ ಪಟ್ಟಾ ಇದ್ದ ಚೀಲ. ಮುಂದುಗಡೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಕೈಫೋನಿನ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಗಂಟೆ ಬಾರಿಸುವ ಆ ಪೆಟ್ಟಿಗೆಯನ್ನು ಯಾವ ಕಂಬದ ಮೇಲಾದರೂ ತಂತಿಗೆ ಸಿಕ್ಕಿಸಿ ಮಾತಾಡಬಹುದು. ಇಲಾಖೆ ಕೊಟ್ಟ ರೇನ್‌ಕೋಟು ತೋಳಿನಲ್ಲಿ ಹರಿದಿತ್ತು. ಇಬ್ಬರೂ ಗೋಣಿಚೀಲದ ಕೊಪ್ಪೆ ಹಾಕಿಕೊಂಡೆವು. ಘಾಟಬೋರಾಳದ ತನಕ ಒಂದು ಲಾರಿ ಸಿಕ್ಕಿತು. ಅಲ್ಲಿಂದ ಮುಂದೆ ಕಾಲೇ ಗತಿ.

ಲೈನು ನೋಡುತ್ತ ನಡೆಯುವುದು ಬರೀ ನಡೆಯುವುದಲ್ಲ. ಕಣ್ಣು ಮೇಲೆ, ಪಾದ ಕೆಳಗೆ. ಎರಡು ಕಂಬದ ನಡುವೆ ತಂತಿ ಎಷ್ಟು ಜೋತಿದೆ, ಪಿಂಗಾಣಿ ಕಪ್ಪು ಒಡೆದಿದೆಯೇ, ಹಕ್ಕಿ ಕಡ್ಡಿ ತಂದಿಟ್ಟಿದೆಯೇ ಎಂದು ನೋಡುತ್ತ ಹೋಗಬೇಕು. ಆ ದಿನ ಮೇಲೆ ನೋಡಿದರೆ ಕಣ್ಣಿಗೆ ನೀರು, ಕೆಳಗೆ ನೋಡದಿದ್ದರೆ ಜಾರಿ ಬೀಳುವುದು. ದಿಬ್ಬದ ಮೇಲೆ ಕೆಂಪು ಗೊರಚು, ಉರುಟು ಹರಳುಗಳ ಮೇಲೆ ಕಾಲು ನಿಲ್ಲದು. ಇಳಿದರೆ ಎರೆಮಣ್ಣು. ನಾಲ್ಕು ಹೆಜ್ಜೆ ಇಟ್ಟರೆ ಪಾದಕ್ಕೆ ಮಣ್ಣು ಅಂಟಿ ಪಾದವೇ ಮಣಭಾರವಾಗುತ್ತದೆ. ಚಪ್ಪಲಿ ತೆಗೆದು ಚೀಲಕ್ಕೆ ಹಾಕಿದೆವು. ಜಾಲಿ ಮುಳ್ಳು ಚುಚ್ಚಿದರೂ ಬರಿಗಾಲೇ ವಾಸಿ ಅನ್ನಿಸಿತು.

ದಿಬ್ಬದ ಮೇಲೆ ಒಂದು ಕಡೆ ಬಳ್ಳಿ ಹಬ್ಬಿ ತಂತಿಗೆ ಸುತ್ತಿಕೊಂಡಿತ್ತು. ಹತ್ತಿ ಬಿಡಿಸಿ, ಫೋನು ಸಿಕ್ಕಿಸಿದೆ. ಹುಮನಾಬಾದು ಕೇಳಿತು. ಕಲ್ಯಾಣದ ಕಡೆ ಕಲ್ಲಿಗೆ ಮಾತಾಡಿದಂತೆ. ಮುಂದೆ ನಡೆದೆವು.

ದಿಬ್ಬ ಇಳಿಯುವಲ್ಲಿ ಒಂದು ಕೊರಕಲು ಇದೆ. ಅಲ್ಲಿ ಕಂಬದ ಬುಡದ ಮಣ್ಣು ಕೊಚ್ಚಿಹೋಗಿ ಕಂಬ ಪೂರ್ತಿ ವಾಲಿತ್ತು. ಬಿಟ್ಟು ಹೋದರೆ ಸಂಜೆಯೊಳಗೆ ಬೀಳುತ್ತದೆ, ಬಿದ್ದರೆ ಇನ್ನೊಂದು ಕಡೆ ಹರಿಯುತ್ತದೆ. ನಿಂತು ಕಲ್ಲು ಹೊತ್ತು ಬುಡ ತುಂಬಿ, ತಂತಿಯಿಂದ ಹಿಂಬದಿಯ ಬಂಡೆಗೆ ಕಂಬವನ್ನು ಬಿಗಿದು ಕಟ್ಟಿದೆವು. ಆ ಕೆಲಸದಲ್ಲಿ ಹೊತ್ತು ಬಹಳ ಹೋಯಿತು. ದಾದಾ ಕೆಳಗಿಟ್ಟಿದ್ದ ಸುರುಳಿಗಳಲ್ಲಿ ಒಂದು ಕೊರಕಲಿಗೆ ಉರುಳಿತು. ಆತ ಹಿಂದೆಯೇ ಇಳಿದು ಮೊಣಕಾಲ ನೀರಿನಲ್ಲಿ ಹುಡುಕಿದ. ಸಿಗಲಿಲ್ಲ.

"ಹೋಯ್ತು ಸಾಹೇಬ್ರ," ಅಂದ ಮೇಲೆ ಬಂದು. "ಒಂದರಾಗೇ ಮುಗಸೂಣು."

ಹರಿದ ಜಾಗ ಸಿಕ್ಕಿದ್ದು ಮಧ್ಯಾಹ್ನ ಇಳಿದ ಮೇಲೆ, ಮೋರಖಂಡಿ ಹಳ್ಳ ಇನ್ನು ಮೂರು ಕಂಬ ದೂರ ಇರುವಾಗ. ದೊಡ್ಡ ಜಾಲಿಯ ಟೊಂಗೆ ಎರಡೂ ತಂತಿಯ ಮೇಲೆ ಬಿದ್ದು, ತುಂಡುಗಳು ಕೆಸರಿನಲ್ಲಿ ಹೂತಿದ್ದವು. ಟೊಂಗೆ ಕಡಿದೆವು. ಉಳಿದ ಸುರುಳಿಯ ತಂತಿಯನ್ನು ನಡುವೆ ಸೇರಿಸಿ ಎರಡೂ ಕಡೆ ಗಂಟು ಹಾಕಿದೆ. ಕೈ ಒದ್ದೆಯಾಗಿ ಪಕ್ಕಡ ಹಿಡಿತಕ್ಕೆ ಬರುತ್ತಿರಲಿಲ್ಲ. ಎರಡನೆಯ ತಂತಿ ಮುಗಿಸಿದಾಗ ಸುರುಳಿಯಲ್ಲಿ ಒಂದು ಗೇಣು ಮಾತ್ರ ಉಳಿದಿತ್ತು. ಫೋನು ಸಿಕ್ಕಿಸಿ ಹಿಡಿಕೆ ತಿರುಗಿಸಿದೆ.

"ಹಲೋ, ಕಲ್ಯಾಣ," ಅಂದಿತು ಹೆಣ್ಣುದನಿ.

ಆಪರೇಟರ್ ಬಾಯಿ. ಅವರನ್ನು ನಾನು ಎಂದೂ ಕಂಡಿರಲಿಲ್ಲ. ತಂತಿಯ ಮೇಲಿನ ದನಿಯಷ್ಟೇ ಪರಿಚಯ.

"ಎಲ್ಲದೀರಿ ನೀವು?" ಅಂದರು. "ನಿನ್ನಿಯಿಂದ ದಾರಿ ನೋಡಾಕತ್ತೇನಿ. ಇಲ್ಲಿ ಒಬ್ರು ಸಾಹುಕಾರ್ರು ಬಂದು ಕುಂತಾರ್ರಿ. ನಮ್ಮ ಊರಾಗಿನ ಕಿರಾಣಿ ಅಂಗಡಿಯವರು. ಅವರ ಮನಿಯವರು ತವರಿಗಂತ ಹೈದ್ರಾಬಾದಿಗೆ ಹೋದವರು ಅಲ್ಲೇ ದವಾಖಾನಿ ಸೇರ್ಯಾರ. ಕರುಳು ಗಂಟಾಗ್ಯದಂತ. ಆಪರೇಷನ್ ಮಾಡಬೇಕು, ಉಳಿತಾರೋ ಇಲ್ಲೋ ಹೇಳಂಗಿಲ್ಲ ಅಂದಾರಂತ ಡಾಕ್ಟರು. ಅವರ ಅಣ್ಣ ಸಹಿ ಮಾಡವಲ್ಲ. ಗಂಡನ ಮಾತು ಬರೂ ತನಕ ನಾ ಮಾಡಂಗಿಲ್ಲ ಅಂತಾನಂತ. ಲೈನ್ ಸಾಯೂ ಮೊದ್ಲು ಅಷ್ಟ ತಿಳಿದದ. ಬಸ್ ಇಲ್ಲ, ಫೋನ್ ಇಲ್ಲ. ಆವಾಗಿನಿಂದ ಬೆಂಚ್ ಬಿಟ್ಟು ಎದ್ದಿಲ್ಲ."

"ಈಗ ಲೈನ್ ಬಂದದಲ್ರಿ. ಹೈದ್ರಾಬಾದ್ ಕೇಳ್ರಿ ಹುಮನಾಬಾದಿಗೆ."

"ಕೇಳ್ತೀನಿ. ಸಾಫ್ ಕೇಳಸವಲ್ದು, ಆದ್ರೂ ಕೇಳ್ತೀನಿ."

ತೊಯ್ದ ಕಂಬಗಳ ಮೇಲೆ ದನಿ ಸೋರುತ್ತದೆ. ನಡುವೆ ಇದ್ದ ನನಗೆ ಎರಡೂ ಊರು ಚೆನ್ನಾಗಿ ಕೇಳುತ್ತಿದ್ದವು. ಅವರಿಗೆ ಪರಸ್ಪರ ಅರ್ಧಂಬರ್ಧ. ಆದರೂ ಹುಮನಾಬಾದಿನ ಹಿರಿಯರು ಹೈದರಾಬಾದಿಗೆ ಕರೆ ಬರೆದುಕೊಂಡರು. ಆ ಲೈನು ಕೂಡಲು ಒಂದು ತಾಸಾದರೂ ಬೇಕು ಅಂದರು. ನಾನು ಫೋನು ಬಿಚ್ಚಿ ಕೆಳಗಿಳಿದೆ. ಕೆಲಸ ಆಯಿತೆಂದು ಹಗುರವಾಗಿದ್ದೆ. ರೊಟ್ಟಿಯ ಗಂಟು ಬಿಚ್ಚಬೇಕೆನ್ನುವಷ್ಟರಲ್ಲಿ, ಹಳ್ಳದ ದಂಡೆಯ ಕಂಬ ನೋಡಿ ಬರಲು ಹೋಗಿದ್ದ ದಾದಾ ಓಡಿ ಬಂದ. ಆತ ಓಡುವುದನ್ನು ನಾನು ಕಂಡಿರಲೇ ಇಲ್ಲ.

"ನಮ್ಮೂರ ಹೆಣ್ಮಕ್ಕಳು," ಅಂದ. "ಹಳ್ಳದಾಗ ಸಿಗಬಿದ್ದಾರ."

ಹೋಗಿ ನೋಡಿದೆ. ಹಳ್ಳದ ನಡುವೆ ಕಲ್ಲುಮಣ್ಣಿನ ಒಂದು ಸಣ್ಣ ದಿಬ್ಬ, ಅದರ ಮೇಲೆ ಒಂದೇ ಜಾಲಿ ಮರ. ಮರ ಹಿಡಿದು ಐದು ಮಂದಿ ಹೆಂಗಸರು ನಿಂತಿದ್ದರು. ಈಚೆ ದಂಡೆಯ ಹೊಲದಲ್ಲಿ ಕಳೆ ತೆಗೆದು ಊರಿಗೆ ಹೊರಟವರು. ದಿಬ್ಬದ ತನಕ ಮೊಣಕಾಲ ನೀರಿನಲ್ಲಿ ಬಂದಿದ್ದಾರೆ. ಆಚೆಯ ಸೆಳವು ನೋಡಿ ನಿಂತು ಹಿಂತಿರುಗುವಷ್ಟರಲ್ಲಿ ಈಚೆಯೂ ಏರಿಬಿಟ್ಟಿದೆ. ಮೇಲೆ ಎಲ್ಲೋ ಮಳೆ ಜೋರಾಗಿ ಬಿದ್ದಿರಬೇಕು, ನೀರು ಕೆಂಪಗೆ ಬರುತ್ತಿತ್ತು. ದಿಬ್ಬದ ತುದಿಯಲ್ಲಿ ಒಂದು ಕರಿಕಲ್ಲು ಕಾಣುತ್ತಿತ್ತು. ನಾನು ನೋಡುತ್ತಿರುವಾಗಲೇ ಅದು ಮುಳುಗಿತು.

ನಮ್ಮ ಬಳಿ ಇದ್ದ ಹಗ್ಗ ಕಂಬ ಹತ್ತುವಾಗ ಕಾಲಿಗೆ ಹಾಕಿಕೊಳ್ಳುವ ತುಂಡು. ನಾವಿದ್ದ ದಂಡೆಯಲ್ಲಿ ಊರಿಲ್ಲ. ಘಾಟಬೋರಾಳಕ್ಕೆ ಹೋಗಿ ಹಗ್ಗ ತರುವಷ್ಟರಲ್ಲಿ ಕತ್ತಲಾಗುತ್ತದೆ. ದಾದಾ ನೀರಿಗಿಳಿದು ನೋಡಿದ. ಸೊಂಟದ ತನಕ ಹೋಗಿ ನಿಲ್ಲಲಾಗದೆ ಹಿಂದೆ ಬಂದ. "ಹಿಡಕೊಳ್ಳಾಕ ಏನರ ಇದ್ರ ಹೋಗಬಹುದು," ಅಂದ. "ಬರಿಗೈಲೆ ಆಗಂಗಿಲ್ಲ."

ನಾನು ಮೇಲೆ ನೋಡಿದೆ. ನಮ್ಮ ತಂತಿ ಈ ದಂಡೆಯ ಕಂಬದಿಂದ ಆ ದಂಡೆಯ ಕಂಬಕ್ಕೆ, ಸರಿಯಾಗಿ ಆ ಜಾಲಿ ಮರದ ಮೇಲೆ ಹಾದುಹೋಗುತ್ತಿತ್ತು.

ಹಿಂದಿನ ಎರಡು ಕಂಬಗಳ ಮೇಲೆ ಕಟ್ಟು ಬಿಚ್ಚಿ, ಅಲ್ಲಿ ತಂತಿ ಕತ್ತರಿಸಿ ಸಡಿಲ ಬಿಟ್ಟರೆ, ಹಳ್ಳದ ಮೇಲಿನ ತಂತಿ ಜೋತು ಆ ಹೆಂಗಸರ ಕೈಗೆ ಸಿಗುತ್ತದೆ. ಅವರು ಅದನ್ನು ಮರಕ್ಕೆ ಸುತ್ತಿದರೆ ಈ ತುದಿಯನ್ನು ಕಂಬದ ಬುಡಕ್ಕೆ ಜಗ್ಗಿ ಬಿಗಿಯಬಹುದು. ಎರಡು ತಂತಿ, ಹಿಡಿದು ದಾಟಲು ಸಾಕು. ಆದರೆ ಬೇರೆ ಸುರುಳಿ ನಮ್ಮ ಬಳಿ ಇಲ್ಲ. ಇಳಿಸಿದ ತಂತಿಯನ್ನು ನೀರು ಇಳಿಯುವ ತನಕ ಮೇಲೇರಿಸಲಾಗದು. ಇಡೀ ಹಗಲು ಹುಡುಕಿ ಜೋಡಿಸಿದ ಲೈನನ್ನು ನನ್ನ ಕೈಯಿಂದಲೇ ಹರಿಯಬೇಕಿತ್ತು. ಅತ್ತ ಆ ಮನುಷ್ಯ ಬೆಂಚಿನ ಮೇಲೆ ಕೂತಿದ್ದ.

ಕತ್ತರಿಸುವ ಮುಂಚೆ ಹೇಳಬೇಕು ಅನ್ನಿಸಿತು. ದಂಡೆಯ ಕಂಬ ಹತ್ತಿ ಫೋನು ಸಿಕ್ಕಿಸಿದೆ.

"ಬಾಯಿ, ಲೈನ್ ಇಳಸಬೇಕಾಗ್ಯದ."

"ಯಾಕ್ರಿ? ಈಗಷ್ಟ ಬಂದದ."

ಕಂಡದ್ದನ್ನು ಹೇಳಿದೆ.

"ಹೈದ್ರಾಬಾದ್ ಇನ್ನೂ ಕೂಡಿಲ್ಲ. ಒಂದು ತಾಸು ತಡೀಲಿಕ್ಕಾಗಂಗಿಲ್ಲೇನ್ರಿ?"

ಕೆಳಗೆ ನೋಡಿದೆ. ಹೆಂಗಸರು ಸೀರೆ ಎತ್ತಿ ಕಟ್ಟಿ, ಮರಕ್ಕೆ ಇನ್ನೂ ಹತ್ತಿರ ಸರಿದಿದ್ದರು. "ಇಲ್ರಿ," ಅಂದೆ. "ಮತ್ತ ಕೂಡಸೂದು ನಾಳೆನೇ."

ಅವರು ಯಾರಿಗೋ ಹೇಳುವುದು ಕೇಳಿಸಿತು. ಆಮೇಲೆ ಗಂಡುದನಿ ಬಂತು, ಸಣ್ಣಗೆ, ದಣಿದು.

"ಎಷ್ಟು ಮಂದಿ ಅದಾರ್ರಿ?"

"ಐದು ಮಂದಿ ಸಾಹುಕಾರ್ರ. ಕಳಿ ತೆಗೀಲಿಕ್ಕಂತ ಬಂದ ಹೆಣ್ಮಕ್ಕಳು."

"ಅಲ್ಲಿ ಮಲಗಿದಾಕಿನೂ ಹೆಣ್ಮಗಳೇ ಅದಾಳ್ರಿ," ಅಂದರು. ಸಿಟ್ಟಿನಿಂದ ಅಂದ ಮಾತಲ್ಲ. ಯಾರನ್ನೋ ಕೇಳಿದಂತಿತ್ತು. "ಏನು ಮಾಡ್ಲಿ ನಾನು, ಹೇಳ್ರಿ."

ದಾರಿ ಹುಡುಕಿದವರು ಆಪರೇಟರ್ ಬಾಯಿ.

"ಸಾಹುಕಾರ್ರ, ನಿಮ್ಮ ಮಾತು ಈಗೇ ಹೇಳಿಬಿಡ್ರಿ," ಅಂದರು ಅವರಿಗೆ. "ಹುಮನಾಬಾದಿನವರು ಲೈನ್ ಮ್ಯಾಲ ಅದಾರ. ಹೈದ್ರಾಬಾದ್ ಕೂಡಿದ ಕೂಡ್ಲೇ ಅವರು ನಿಮ್ಮ ಅಳಿಯಗ ಹೇಳ್ತಾರ. ನೀವು ಮಾತಾಡೂದು ನಾಳೆ ಆಗಲಿ. ಮಾತು ಇವತ್ತ ಹೋಗಲಿ."

ನಮ್ಮ ಕಡೆ ಹೆಂಡತಿಯ ಅಣ್ಣತಮ್ಮಂದಿರಿಗೂ ಅಳಿಯ ಎನ್ನುವುದುಂಟು. ಸಾಹುಕಾರರು ಮತ್ತೆ ಫೋನು ಹಿಡಿದರು.

"ಆಪರೇಷನ್ ಮಾಡ್ರಿ ಅಂತ ಹೇಳ್ರಿ."

ಹುಮನಾಬಾದಿನ ಹಿರಿಯರ ದನಿ ಬಂತು: "ಸಾಫ್ ಕೇಳಲಿಲ್ಲ. ಬ್ಯಾಡ್ರಿ ಅಂದ್ರೇನು?"

"ಮಾಡ್ರಿ, ಮಾಡ್ರಿ," ಅಂದರು ಸಾಹುಕಾರರು.

"ಬ್ಯಾಡ್ರಿ ಅಂತನೇ ಬರಾಕತ್ತದ. ಖರೇ ಏನು ಹೇಳ್ರಿ, ಇದು ಹುಡುಗಾಟದ ಮಾತಲ್ಲ."

ಆಗ ನಾನು ನಡುವೆ ಮಾತಾಡಿದೆ. ಮಂದಿಯ ಮಾತಿನ ನಡುವೆ ಲೈನ್‌ಮನ್ ಬಾಯಿ ಹಾಕಬಾರದು ಎಂಬುದು ನಮಗೆ ಮೊದಲ ದಿನ ಹೇಳುವ ಪಾಠ. "ನಾ ಲೈನ್‌ಮನ್ ಮಾತಾಡಾಕತ್ತೀನ್ರಿ. ಅವರು 'ಮಾಡ್ರಿ' ಅಂದಾರ. ಮಳಿಯ 'ಮ'. ಆಪರೇಷನ್ ಮಾಡ್ರಿ, ಗಂಡನ ಒಪ್ಪಿಗಿ ಅದ."

"ಮಾಡ್ರಿ. ಗಂಡನ ಒಪ್ಪಿಗಿ ಅದ," ಅಂದರು ಹಿರಿಯರು. "ಈಗ ಸಾಫ್ ಬಂತು."

ಆ ಮಾತು ನನ್ನ ಬಾಯಿಂದ ಹೋಯಿತು. ನೋಡದ ಹೆಂಗಸು. ಆಕೆಯ ಹೊಟ್ಟೆ ಕೊಯ್ಯಲು ನಾನು ಹೇಳಿದ ಹಾಗಾಯಿತು. ಆಕೆಗೆ ಏನಾದರೂ ಆದರೆ ಈ ಮಾತು ನನ್ನ ನಾಲಿಗೆಯ ಮೇಲೆಯೇ ಉಳಿಯುತ್ತದೆ ಅನ್ನಿಸಿತು.

"ಇನ್ನ ಇಳಸ್ರಿ," ಅಂದರು ಸಾಹುಕಾರರು. "ಆ ಹೆಣ್ಮಕ್ಕಳನ್ನ ದಾಟಸ್ರಿ."

ಹಿಂದಿನ ಕಂಬಗಳ ಕಟ್ಟು ಬಿಚ್ಚಿ ತಂತಿ ಕತ್ತರಿಸಿದೆ. ದಾದಾ ಕೆಳಗಿನಿಂದ ತುದಿ ಹಿಡಿದು ಮೆಲ್ಲಗೆ ಬಿಡುತ್ತ ಹೋದ. ಹಳ್ಳದ ಮೇಲಿನ ತಂತಿ ಜೋತು, ಜಾಲಿಯ ಟೊಂಗೆಗೆ ಸಿಕ್ಕು, ಹೆಂಗಸರ ತಲೆಯ ಮಟ್ಟಕ್ಕೆ ಬಂತು. ಅವರು ಹಿಡಿಯಲಿಲ್ಲ. ಹಿಂದೆ ಸರಿದರು.

"ಹಿಡೀರಿ," ಅಂತ ಕೂಗಿದೆ.

"ಕರೆಂಟ್ ಹೊಡೀತದ," ಅಂತ ಕೂಗಿತು ಒಂದು ದನಿ. ಆ ವರ್ಷವೇ ಆ ಕಡೆ ಹೊಲದ ಬಾವಿಗಳಿಗೆ ವಿದ್ಯುತ್ ಪಂಪು ಬಂದಿದ್ದವು. ಒಬ್ಬ ರೈತ ತಂತಿ ಮುಟ್ಟಿ ಸತ್ತಿದ್ದನ್ನು ಅವರೆಲ್ಲ ಕಣ್ಣಾರೆ ನೋಡಿದ್ದರು. ನಾನು ತಂತಿಯನ್ನು ಬರಿಗೈಯಲ್ಲಿ ಹಿಡಿದು ಎತ್ತಿ ತೋರಿಸಿದೆ. ಹಣೆಗೆ ಹಚ್ಚಿಕೊಂಡು ತೋರಿಸಿದೆ. ಅವರು ನಂಬಲಿಲ್ಲ. ನಾನು ಯಾರೋ, ಖಾಕಿ ಅಂಗಿಯವನು.

ದಾದಾ ದಂಡೆಯ ತುದಿಗೆ ಹೋಗಿ ನಿಂತ. ಅವರಲ್ಲಿ ಹಿರಿಯಳು ಆತನ ಚಿಕ್ಕಪ್ಪನ ಹೆಂಡತಿ.

"ಕಾಕಿ, ನಾ ಇದನ್ನ ದಿನಾ ಹೊರತೀನಿ," ಅಂದ. "ಇದರಾಗ ಕರೆಂಟ್ ಇರಂಗಿಲ್ಲ. ಇದರಾಗ ಬರೇ ಮಾತು ಇರ್ತದ. ಈಗ ಅದೂ ಇಲ್ಲ. ಹಿಡಿ."

ಆ ಮುದುಕಿ ಸೆರಗಿನಿಂದ ಕೈ ಸುತ್ತಿಕೊಂಡು ಒಂದು ಬೆರಳು ತಾಗಿಸಿದಳು. ಆಮೇಲೆ ಇಡೀ ಕೈಯಿಂದ ಹಿಡಿದಳು. ಉಳಿದವರೂ ಹಿಡಿದರು. ನಾನು ಹೇಳುತ್ತ ಹೋದೆ, ಅವರು ಮರದ ಬೊಡ್ಡೆಗೆ ಸುತ್ತುತ್ತ ಹೋದರು, ಮುಳ್ಳು ಚುಚ್ಚಿದರೂ ನಿಲ್ಲಿಸದೆ. ಈ ತುದಿಯನ್ನು ಇಕ್ಕಳಕ್ಕೆ ಸಿಕ್ಕಿಸಿ ಕಂಬದ ಬುಡಕ್ಕೆ ಜಗ್ಗಿದೆ. ಒಂದು ತಂತಿ ಎದೆಯ ಮಟ್ಟಕ್ಕೆ, ಇನ್ನೊಂದು ಸೊಂಟದ ಮಟ್ಟಕ್ಕೆ ಬಿಗಿಯಿತು.

ದಾದಾ ನನ್ನ ಸೊಂಟದ ಪಟ್ಟಾ ತಗೊಂಡು ನೀರಿಗಿಳಿದ. ಕಂಬದ ಎರಡನೆಯ ಮೊಳಕ್ಕೆ ತಲೆ ತಿರುಗುವ ಮನುಷ್ಯ ಆ ಸೆಳವಿನಲ್ಲಿ ತಂತಿ ಹಿಡಿದು, ಕಾಲಿನಿಂದ ತಳ ತಡಕುತ್ತ, ನೀರಿನ ಕಡೆಗೆ ವಾಲಿಕೊಂಡು ಹೋದ. ಮೊದಲು ಕಾಕಿಯನ್ನು ಕರೆತಂದ. ಪಟ್ಟಾ ಆಕೆಯ ಸೊಂಟಕ್ಕೂ ಮೇಲಿನ ತಂತಿಗೂ ಹಾಕಿ, ತಾನು ಕೆಳಸೆಳವಿನ ಬದಿಗೆ ನಿಂತು, ಹೆಜ್ಜೆಗೊಮ್ಮೆ "ನೀರು ನೋಡಬ್ಯಾಡ, ನನ್ನ ನೋಡು," ಅನ್ನುತ್ತ. ಎರಡನೆಯವಳು ಬೇಗ ಬಂದಳು. ಮೂರನೆಯವಳು ಹರೆಯದ ಹೆಂಗಸು, ತಲೆಯ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡೇ ಬರುತ್ತೇನೆಂದು ಹಟ ಹಿಡಿದಳು. ಎಮ್ಮೆ ಕರು ಹಾಕಿದೆ, ಹಸಿದಿರುತ್ತದೆ ಅನ್ನುತ್ತಾಳೆ. ದಾದಾ ವಾದ ಮಾಡಲಿಲ್ಲ. ಹೊರೆಯನ್ನು ತನ್ನ ತಲೆಗೆ ಇಟ್ಟುಕೊಂಡ. ನಡುನೀರಿನಲ್ಲಿ ಅದು ತಾನಾಗಿಯೇ ಜಾರಿ ಹೋಯಿತು. ಆಕೆ ಅದು ತೇಲಿಹೋಗುವುದನ್ನು ಒಮ್ಮೆ ನೋಡಿ ಮುಂದೆ ನಡೆದಳು.

ಉಳಿದವರು ಇಬ್ಬರು. ಒಬ್ಬಳು ಕೂಲಿಯಾಕೆ, ಇನ್ನೊಬ್ಬಳು ಹೊಲದ ಒಡತಿ, ಲಿಂಗಾಯತರ ಮನೆಯಾಕೆ. ಒಡತಿ ಕೊನೆಗೆ ಬರುತ್ತೇನೆಂದಳು. "ನನ್ನ ಹೊಲಕ್ಕ ಬಂದವರು ಮೊದ್ಲು ದಾಟಲಿ," ಅಂದಳಂತೆ. ಆದರೆ ದಾದಾ ಮರದ ಬುಡ ನೋಡಿದ್ದ. ನೀರು ಬೇರು ತೊಳೆಯುತ್ತಿತ್ತು. ಇಬ್ಬರನ್ನೂ ಒಟ್ಟಿಗೆ ಹೊರಡಿಸಿದ. ಪಟ್ಟಾ ಕೂಲಿಯಾಕೆಗೆ. ಒಡತಿ ಒಂದು ಕೈಯಿಂದ ತಂತಿ, ಇನ್ನೊಂದರಿಂದ ದಾದಾನ ಹೆಗಲು ಹಿಡಿದಳು. ಊರಿನಲ್ಲಿ ಆತನ ಕೈಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದ ಮನೆಯದು. ಆ ಹೊತ್ತು ಅದು ಇಬ್ಬರಿಗೂ ನೆನಪಿದ್ದಂತೆ ಕಾಣಲಿಲ್ಲ.

ಅರ್ಧಕ್ಕೆ ಬಂದಾಗ ಮರ ವಾಲಿತು. ತಂತಿ ಒಮ್ಮೆಲೇ ಸಡಿಲಾಗಿ ಮೂವರೂ ಎದೆಯ ತನಕ ನೀರಿಗೆ ಇಳಿದರು. ನಾನು ಇಕ್ಕಳದಿಂದ ಹೊರಬಂದ ತಂತಿಯ ತುದಿಯನ್ನು ಕೈಗೆ ಸುತ್ತಿ ಕಂಬಕ್ಕೆ ಕಾಲು ಕೊಟ್ಟು ಜಗ್ಗಿದೆ. ಅಂಗೈಯಲ್ಲಿ ತಂತಿ ಇಳಿಯಿತು. ನೋವು ಆಮೇಲೆ ಗೊತ್ತಾಯಿತು. ದಾಟಿದ್ದ ಮೂವರು ಹೆಂಗಸರು ಯಾರೂ ಹೇಳದೆ ನನ್ನ ಹಿಂದೆ ಬಂದು ತಂತಿ ಹಿಡಿದರು. ಬೇರಿನ ಒಂದು ಭಾಗ ಇನ್ನೂ ನೆಲ ಕಚ್ಚಿತ್ತು. ಮರ ಪೂರ್ತಿ ಬೀಳಲಿಲ್ಲ. ನೀರಿನೊಳಗಿನ ಮೂವರು ಒಬ್ಬರನ್ನೊಬ್ಬರು ದೂಡುತ್ತ, ಎಳೆಯುತ್ತ ದಂಡೆ ಮುಟ್ಟಿದರು.

ಯಾರೂ ಅಳಲಿಲ್ಲ. ಒಡತಿ ಕೆಸರಿನಲ್ಲಿ ಕೂತು ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಎದ್ದು, ಕಳೆ ತೆಗೆಯುವ ಖುರಪಿಗಳು ದಿಬ್ಬದ ಮೇಲೇ ಉಳಿದವು ಎಂದಳು. ಅದಕ್ಕೆ ಎಲ್ಲರೂ ನಕ್ಕರು, ಆಕೆಯೂ ಸೇರಿ. ಅಲ್ಲೇ ಆಕೆಯ ಹೊಲದ ಗುಡಿಸಲು ಇತ್ತು. ಒಣ ತೊಗರಿಕಟ್ಟಿಗೆ ಇತ್ತು. ಬೆಂಕಿ ಹಾಕಿ ನಮ್ಮ ಗಂಟಿನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಏಳು ಮಂದಿ ಹಂಚಿಕೊಂಡೆವು. ಒಡತಿ ತನ್ನ ಸೆರಗಿನ ತುದಿ ಹರಿದು ನನ್ನ ಅಂಗೈಗೆ ಕಟ್ಟಿದಳು.

ಬೆಳಕಿರುವಾಗಲೇ ಕತ್ತರಿಸಿದ ಜಾಗದ ಹಿಂದಿನ, ಹುಮನಾಬಾದಿನ ಕಡೆಯ ಕಂಬ ಹತ್ತಿ ಹುಮನಾಬಾದು ಕೇಳಿದೆ. ಐದೂ ಮಂದಿ ದಾಟಿದರು ಅಂದೆ. ಹಿರಿಯರು, "ಶಿವಾ," ಅಂದರು ಮೆಲ್ಲಗೆ. ಹೈದರಾಬಾದು ಇನ್ನೂ ಕೂಡಿರಲಿಲ್ಲ.

ಮುಂಜಾನೆ ಮಳೆ ನಿಂತಿತ್ತು. ಹಳ್ಳ ಮೊಣಕಾಲಿಗೆ ಇಳಿದಿತ್ತು. ಹೆಂಗಸರು ತಾವಾಗಿಯೇ ದಾಟಿ, ವಾಲಿದ ಮರದಿಂದ ತಂತಿ ಬಿಡಿಸಿಕೊಟ್ಟು, ಖುರಪಿ ಹುಡುಕಿಕೊಂಡು ಊರಿಗೆ ಹೋದರು. ಒಂದು ಕೈಯಿಂದ ಗಂಟು ಹಾಕುವುದು ಕಷ್ಟ. ದಾದಾ ಕೆಳಗಿನಿಂದ ಜಗ್ಗಿ ಹಿಡಿದ, ನಾನು ಮೇಲೆ ಹಲ್ಲಿನಲ್ಲಿ ಕಟ್ಟುತಂತಿ ಕಚ್ಚಿ ಹಿಡಿದು ಕಟ್ಟಿದೆ. ಜಾಗ ಜಾಗಕ್ಕೆ ಗಂಟು ಬಿದ್ದ ಆ ತಂತಿ ನೋಡಲು ಚೆನ್ನಾಗಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಮುಗಿಯಿತು. ಫೋನು ಸಿಕ್ಕಿಸಿದೆ. ಎರಡೂ ಊರು ಒಟ್ಟಿಗೆ ಹಲೋ ಅಂದವು.

"ಹೈದ್ರಾಬಾದ್ ಹಿಡಕೊಂಡೇ ಕುಂತೀನಿ," ಅಂದರು ಹುಮನಾಬಾದಿನ ಹಿರಿಯರು. "ಮಾತು ನಿನ್ನಿ ಸಂಜಿಕೇ ಮುಟ್ಟಿಸೀನಿ. ಮುಂದ ಏನಾತೋ ನನಗ ಗೊತ್ತಿಲ್ಲ. ಬಾಯಿ, ನಿಮ್ಮ ಸಾಹುಕಾರ್ರನ್ನ ಕೊಡ್ರಿ."

ಅದು ನನ್ನ ಮಾತಲ್ಲ. ಮರಗಟ್ಟಿದ ಬೆರಳಿನಿಂದಲೇ ಫೋನಿನ ಕೊಂಡಿ ತಂತಿಯಿಂದ ತೆಗೆದೆ. ಕೆಳಗೆ ದಾದಾ ಮುಖವೆತ್ತಿ ನೋಡುತ್ತಿದ್ದ. "ಏನಂದ್ರು?" ಅಂತ ಕೇಳಿದ.

"ಕೇಳಲಿಲ್ಲ," ಅಂದೆ.

ಉಳಿದ ಕಂಬಗಳನ್ನು ನೋಡುತ್ತ ಮೋರಖಂಡಿ ದಾಟಿ ಕಲ್ಯಾಣ ಮುಟ್ಟಿದೆವು. ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಬಾಯಿ ತಲೆಗೆ ಹಾಕಿದ ಫೋನು ಸರಿಸಿ ನನ್ನ ಕಡೆ ನೋಡಿದರು. ನಾನು ಅಂದುಕೊಂಡಿದ್ದಕ್ಕಿಂತ ವಯಸ್ಸಾದವರು, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಅದಾರ್ರಿ," ಅಂದರು, ನಾನು ಕೇಳುವ ಮುಂಚೆ. "ಆಪರೇಷನ್ ಆಗ್ಯದ. ಮುಂಜಾನಿ ಕಣ್ಣ ಬಿಟ್ಟಾರಂತ. ಸಾಹುಕಾರ್ರು ಈಗಷ್ಟ ಸ್ಟ್ಯಾಂಡಿಗೆ ಹೋದ್ರು. ಬಸ್ ಚಾಲೂ ಆಗ್ಯಾವ."

ಬೇಕಂತಲೇ ಲೈನು ಹರಿದದ್ದಕ್ಕೆ ಮೇಲಿನವರು ನನ್ನಿಂದ ವಿವರಣೆ ಕೇಳಿದರು, ಕೊಟ್ಟೆ, ಅದು ಅಲ್ಲಿಗೇ ನಿಂತಿತು. ಸಾಹುಕಾರರ ಮನೆಯವರು ದಸರೆಗೆ ಮೊದಲೇ ಕಲ್ಯಾಣಕ್ಕೆ ಮರಳಿದರೆಂದೂ ಆಮೇಲೆ ತಿಳಿಯಿತು. ಆ ದಿನ ಅದೆಲ್ಲ ಗೊತ್ತಿರಲಿಲ್ಲ. ನಾವಿಬ್ಬರೂ ಕೆಸರುಗಾಲಿನಲ್ಲೇ ಬಸ್ ಸ್ಟ್ಯಾಂಡಿಗೆ ಹೋದೆವು. ಯಾಕೆ ಹೋದೆವೆಂದು ಹೇಳಲಾರೆ. ಹೈದರಾಬಾದಿನ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಬಳಿ ನಡುವಯಸ್ಸಿನ ಒಬ್ಬರು, ಗಡ್ಡ ಬೆಳೆದ ಮುಖ, ತೊಡೆಯ ಮೇಲೆ ಚೀಲ.

"ಸಾಹುಕಾರ್ರೇನ್ರಿ?" ಅಂದೆ.

ಅವರು ನನ್ನ ದನಿ ಗುರುತಿಸಿದರು. "ಮಳಿಯ 'ಮ' ಅಂದವರು ನೀವೇ," ಅಂದು, ಕಿಟಕಿಯಿಂದ ಕೈ ಚಾಚಿ ನನ್ನ ಕಟ್ಟಿದ ಕೈ ಹಿಡಿದರು. ನೋಯದಂತೆ ಹಿಡಿದರು. ಡ್ರೈವರು ಗಾಡಿ ಚಾಲೂ ಮಾಡಿದ.

"ಆ ಐದು ಮಂದಿ ಹೆಸರೇನ್ರಿ?" ಅಂತ ಕೇಳಿದರು. "ಅಕಿ ಕೇಳ್ತಾಳ. ಯಾಕ ನೀವೇ ಮಾತಾಡಲಿಲ್ಲ ಅಂತ ಕೇಳ್ತಾಳ. ಹೇಳಬೇಕಲ್ಲ."

ನನಗೆ ಒಂದು ಹೆಸರೂ ಗೊತ್ತಿರಲಿಲ್ಲ. ದಾದಾ ಮುಂದೆ ಬಂದ. ಬಸ್ಸು ಚಲಿಸತೊಡಗಿತ್ತು. ಆತ ಕಿಟಕಿಯ ಜೊತೆ ಜೊತೆಗೆ ನಡೆಯುತ್ತ ಹೇಳಿದ, ಸಾಹುಕಾರರು ಒಂದೊಂದನ್ನೂ ತಿರುಗಿ ಹೇಳುತ್ತ ಹೋದರು: ಸೋಜರಬಾಯಿ, ಕಾಶೀಬಾಯಿ, ಗುಂಡಮ್ಮ, ಲಕ್ಷ್ಮೀಬಾಯಿ, ನೀಲಮ್ಮ.